ಸನ್ಯಾಸಿಗಳು ಮಾಡಿದ ಶವಪೆಟ್ಟಿಗೆ: ಲೂಯಿಸಿಯಾನದ ಪರವಾನಗಿ ಕಾನೂನು ಕುರಿತ ಒಂದು ಪ್ರಕರಣ ಅಧ್ಯಯನ

ಮರದ ಶವಪೆಟ್ಟಿಗೆಯನ್ನು ಮಾಡಿ ಮಾರುವವರಿಗೆ ಅಂತ್ಯಕ್ರಿಯೆ ನಡೆಸಿಕೊಡುವವರ ಪರವಾನಗಿ ಇರಬೇಕೆ ಎಂಬ ಪ್ರಶ್ನೆ ಅಮೆರಿಕದ ಲೂಯಿಸಿಯಾನ ರಾಜ್ಯದಲ್ಲಿ 2007ರಿಂದ 2013ರವರೆಗೆ ಒಂದು ಕ್ರೈಸ್ತ ಮಠವನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಿತು. ಕಾನೂನಿನ ಪುಸ್ತಕಗಳಲ್ಲಿ ಇದು ‘ಸೇಂಟ್ ಜೋಸೆಫ್ ಆಬಿ ವಿರುದ್ಧ ಕ್ಯಾಸ್ಟಿಲ್’ ಎಂಬ ಹೆಸರಿನಲ್ಲಿ ದಾಖಲಾಗಿದೆ. ಪರವಾನಗಿ ಎಂಬ ವ್ಯವಸ್ಥೆ ಯಾರನ್ನು ಕಾಪಾಡಲು ಹುಟ್ಟುತ್ತದೆ ಮತ್ತು ಬಳಿಕ ಯಾರನ್ನು ಕಾಪಾಡತೊಡಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಮೊಕದ್ದಮೆಗಳು ವಿರಳ. ಆ ಕಾರಣಕ್ಕೆ ಇದನ್ನು ವಿವರವಾಗಿ ನೋಡಿ, ಅದೇ ರಾಜ್ಯದಲ್ಲಿ ವೃದ್ಧರ ಹಗಲು ಆರೈಕೆ ಕೇಂದ್ರಗಳಿಗೆ ಅನ್ವಯಿಸುವ ನಿಯಮದ ಪಕ್ಕದಲ್ಲಿ ಇಡಬೇಕೆಂದು ನನಗೆ ಅನ್ನಿಸಿದೆ.

ಮಠ ಮತ್ತು ಅದರ ಮರ

ನ್ಯೂ ಆರ್ಲಿಯನ್ಸ್ ನಗರದ ಉತ್ತರಕ್ಕೆ, ಪಾಂಚರ್‌ಟ್ರೇನ್ ಸರೋವರದ ಆಚೆ ದಡದ ಕವಿಂಗ್ಟನ್ ಪಟ್ಟಣದ ಬಳಿ ಸೇಂಟ್ ಜೋಸೆಫ್ ಆಬಿ ಇದೆ. 1889ರಲ್ಲಿ ಆರಂಭವಾದ ಈ ಮಠ ಸಂತ ಬೆನೆಡಿಕ್ಟರ ಪಂಥಕ್ಕೆ ಸೇರಿದ್ದು, ಪ್ರಾರ್ಥನೆಯ ಜೊತೆಗೆ ಕೈದುಡಿಮೆಯಿಂದ ಬದುಕಬೇಕೆಂಬುದು ಆ ಪಂಥದ ಹಳೆಯ ನೇಮ. ಇಲ್ಲಿನ ಸನ್ಯಾಸಿಗಳು ತಮ್ಮಲ್ಲಿ ತೀರಿಕೊಂಡವರಿಗಾಗಿ ಹಿಂದಿನಿಂದಲೂ ಸರಳವಾದ ಮರದ ಪೆಟ್ಟಿಗೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. 1990ರ ದಶಕದಲ್ಲಿ ಇಬ್ಬರು ಬಿಷಪ್‌ಗಳನ್ನು ಮಠದಲ್ಲಿ ಮಾಡಿದ ಪೆಟ್ಟಿಗೆಗಳಲ್ಲಿ ಸಮಾಧಿ ಮಾಡಿದಾಗ ಜನರ ಗಮನ ಅತ್ತ ಹರಿಯಿತು, ತಮಗೂ ಅಂಥದ್ದು ಬೇಕೆಂದು ಕೆಲವರು ಕೇಳಲಾರಂಭಿಸಿದರು.

ಮಠದ ಆದಾಯದ ಒಂದು ಭಾಗ ಅದರ ಕಾಡಿನ ಮರದಿಂದ ಬರುತ್ತಿತ್ತು. 2005ರ ಆಗಸ್ಟ್ 29ರಂದು ಅಪ್ಪಳಿಸಿದ ಕಟ್ರೀನಾ ಚಂಡಮಾರುತ ಆ ಕಾಡನ್ನು ಹಾಳುಗೆಡವಿದ ಮೇಲೆ ಮಠಕ್ಕೆ ಬೇರೆ ದಾರಿ ಹುಡುಕಬೇಕಾಯಿತು. ಜನ ಮೊದಲಿನಿಂದ ಕೇಳುತ್ತಿದ್ದ ವಸ್ತುವನ್ನೇ ಮಾರಲು ನಿರ್ಧರಿಸಿದ ಸನ್ಯಾಸಿಗಳು ಸುಮಾರು 2 ಲಕ್ಷ ಡಾಲರ್ ಹೂಡಿ, 2007ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಮರಗೆಲಸದ ಕಾರ್ಯಾಗಾರವನ್ನು ತೆರೆದರು. ಪೆಟ್ಟಿಗೆಗಳು ಎರಡೇ ಬಗೆಯವು, ಒಂದಕ್ಕೆ 1,500 ಡಾಲರ್, ಇನ್ನೊಂದಕ್ಕೆ 2,000 ಡಾಲರ್. ಅಂತ್ಯಕ್ರಿಯೆ ಸಂಸ್ಥೆಗಳಲ್ಲಿ ಸಿಗುತ್ತಿದ್ದ ಪೆಟ್ಟಿಗೆಗಳಿಗಿಂತ ಈ ಬೆಲೆ ಸಾಕಷ್ಟು ಕಡಿಮೆಯಾಗಿತ್ತು. ಶವವನ್ನು ಸಾಗಿಸುವುದು, ತೊಳೆಯುವುದು, ಕೆಡದಂತೆ ರಾಸಾಯನಿಕ ತುಂಬುವುದು, ಸಮಾಧಿಯ ವ್ಯವಸ್ಥೆ ನೋಡುವುದು ಇವಾವುದನ್ನೂ ಮಠ ಕೈಗೆತ್ತಿಕೊಳ್ಳಲಿಲ್ಲ. ಅದು ಮಾರುತ್ತಿದ್ದದ್ದು ಖಾಲಿ ಪೆಟ್ಟಿಗೆಯನ್ನು ಮಾತ್ರ ಎಂಬ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ವಾದವೆಲ್ಲ ಅದರ ಸುತ್ತಲೇ ನಡೆಯಿತು.

ಅಂತ್ಯಕ್ರಿಯೆ ವೃತ್ತಿಯವರೊಬ್ಬರು ದೂರು ಕೊಟ್ಟರು. ಆ ವರ್ಷ ಮುಗಿಯುವುದರೊಳಗೆ, ಸಾರ್ವಜನಿಕರಿಗೆ ಪೆಟ್ಟಿಗೆ ಮಾರುವುದನ್ನು ನಿಲ್ಲಿಸಬೇಕೆಂದು ರಾಜ್ಯದ ಎಂಬಾಮರ್ (ಶವ ಕೆಡದಂತೆ ರಾಸಾಯನಿಕ ತುಂಬುವವರು) ಮತ್ತು ಅಂತ್ಯಕ್ರಿಯೆ ನಿರ್ದೇಶಕರ ಮಂಡಳಿಯ ಆದೇಶ ಮಠದ ಕೈಸೇರಿತು. ಆದೇಶ ಮೀರಿದರೆ ಒಂದೊಂದು ಉಲ್ಲಂಘನೆಗೆ 500ರಿಂದ 2,500 ಡಾಲರ್‌ವರೆಗೆ ದಂಡ ಮತ್ತು 180 ದಿನಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿತ್ತು.

ಕಾನೂನು ಏನನ್ನು ಕೇಳುತ್ತಿತ್ತು

ಈ ಮಂಡಳಿ 1914ರಲ್ಲಿ ರಚನೆಯಾದದ್ದು. ಸಾಂಕ್ರಾಮಿಕ ರೋಗಗಳಿಂದ ಜನ ಸಾಯುತ್ತಿದ್ದ ಕಾಲದಲ್ಲಿ, ಶವಕ್ಕೆ ರಾಸಾಯನಿಕ ತುಂಬುವ ಕೆಲಸಕ್ಕೆ ತರಬೇತಿ ಮತ್ತು ನಿಗಾ ಬೇಕೆಂಬ ಆಶಯ ನ್ಯಾಯವಾಗಿಯೇ ಇತ್ತು, ಇಂದಿಗೂ ಇದೆ. ಫಾರ್ಮಾಲ್ಡಿಹೈಡ್‌ನಂಥ ದ್ರವವನ್ನು ಬಳಸುವವರಿಗೆ ಪರೀಕ್ಷೆ ಇರಬೇಕು ಎಂಬುದನ್ನು ಈ ಮೊಕದ್ದಮೆಯಲ್ಲಿ ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನೆಗೆ ಒಳಗಾದದ್ದು 1960ರ ದಶಕದಲ್ಲಿ ಸೇರಿಕೊಂಡ ಒಂದು ತಿದ್ದುಪಡಿ. ಅದು ಶವಪೆಟ್ಟಿಗೆಗಳ ಚಿಲ್ಲರೆ ಮಾರಾಟವನ್ನೂ ‘ಅಂತ್ಯಕ್ರಿಯೆ ನಿರ್ವಹಣೆ’ ಎಂಬ ವ್ಯಾಖ್ಯೆಯೊಳಗೆ ಎಳೆದುಕೊಂಡಿತು. ಹಾಗಾಗಿ ರಾಜ್ಯದೊಳಗೆ ಪೆಟ್ಟಿಗೆ ಮಾರಬೇಕಾದರೆ ಪರವಾನಗಿ ಪಡೆದ ಅಂತ್ಯಕ್ರಿಯೆ ಸಂಸ್ಥೆಯೇ ಆಗಿರಬೇಕಾಯಿತು.

ಆ ಸಂಸ್ಥೆ ಹೇಗಿರಬೇಕೆಂಬುದನ್ನು ಓದಿದರೆ ವಿಷಯ ಕಣ್ಣಿಗೆ ಕಟ್ಟುತ್ತದೆ. ಮೂವತ್ತು ಜನ ಕೂರಬಹುದಾದ ಸಭಾಕೋಣೆ, ಆರು ಪೆಟ್ಟಿಗೆಗಳನ್ನು ಇಡಬಲ್ಲ ಪ್ರದರ್ಶನ ಕೋಣೆ, ಮೃತರ ಮನೆಯವರೊಂದಿಗೆ ಮಾತುಕತೆ ನಡೆಸಲು ಇನ್ನೊಂದು ಕೋಣೆ ಮತ್ತು ಎಂಬಾಮಿಂಗ್ ಮಾಡುವ ಸೌಲಭ್ಯ ಇರಬೇಕು. ಇವುಗಳ ಜೊತೆಗೆ ಪೂರ್ಣಾವಧಿಗೆ ಒಬ್ಬ ಪರವಾನಗಿದಾರ ನಿರ್ದೇಶಕನನ್ನು ನೇಮಿಸಿಕೊಳ್ಳಬೇಕು. ಆತ ಪ್ರೌಢಶಾಲೆ ಮುಗಿಸಿರಬೇಕು, ಮಾನ್ಯತೆ ಪಡೆದ ಕಾಲೇಜಿನಲ್ಲಿ 30 ಕ್ರೆಡಿಟ್‌ಗಳ ಓದು ಪೂರೈಸಿರಬೇಕು, ಒಂದು ವರ್ಷ ಇನ್ನೊಬ್ಬರ ಕೈಕೆಳಗೆ ಕೆಲಸ ಕಲಿತಿರಬೇಕು, ವೃತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಮಠದ ಸನ್ಯಾಸಿಗಳು ಹಲಗೆ ಕೊಯ್ದು ಜೋಡಿಸಿದ ಪೆಟ್ಟಿಗೆಯೊಂದನ್ನು ಮಾರಲು ಶವವನ್ನು ಎಂದೂ ಮುಟ್ಟದ ಜಾಗದಲ್ಲಿ ಶವಕ್ಕೆ ರಾಸಾಯನಿಕ ತುಂಬುವ ಮೇಜು ಹಾಕಿಸಬೇಕಿತ್ತು.

ಕಾನೂನು ಕೇಳದೆ ಬಿಟ್ಟ ಸಂಗತಿಗಳೂ ಇಷ್ಟೇ ಮುಖ್ಯ. ಲೂಯಿಸಿಯಾನದಲ್ಲಿ ಶವವನ್ನು ಪೆಟ್ಟಿಗೆಯಲ್ಲೇ ಸಮಾಧಿ ಮಾಡಬೇಕೆಂಬ ನಿಯಮ ಇರಲಿಲ್ಲ. ಪೆಟ್ಟಿಗೆಯ ಅಳತೆ, ಮರ, ಬಿಗಿತ, ರಚನೆ ಯಾವುದರ ಬಗೆಗೂ ಕಟ್ಟಳೆ ಇರಲಿಲ್ಲ. ಯಾರು ಬೇಕಾದರೂ ತಮ್ಮ ಪೆಟ್ಟಿಗೆಯನ್ನು ತಾವೇ ಮಾಡಿಕೊಳ್ಳಬಹುದಿತ್ತು, ಇಂಟರ್‌ನೆಟ್ ಮೂಲಕ ಹೊರರಾಜ್ಯದ ಅಂಗಡಿಯಿಂದ ತರಿಸಿಕೊಳ್ಳಲೂ ಅಡ್ಡಿಯಿರಲಿಲ್ಲ. ಎಂದರೆ ಕವಿಂಗ್ಟನ್‌ನ ನಿವಾಸಿಯೊಬ್ಬರು ಸಾವಿರ ಮೈಲಿ ದೂರದ ಅಪರಿಚಿತ ವ್ಯಾಪಾರಿಯಿಂದ ಪೆಟ್ಟಿಗೆ ಕೊಂಡರೆ ಅದು ಕಾನೂನುಬದ್ಧ, ಊರ ಪಕ್ಕದ ಮಠದಿಂದ ಕೊಂಡರೆ ಮಾರಿದವರು ಅಪರಾಧಿಗಳು.

ಮಂಡಳಿಯ ರಚನೆಯನ್ನೂ ಹೇಳಬೇಕು. ಒಂಬತ್ತು ಸದಸ್ಯರಲ್ಲಿ ನಾಲ್ವರು ಪರವಾನಗಿದಾರ ಅಂತ್ಯಕ್ರಿಯೆ ನಿರ್ದೇಶಕರು, ನಾಲ್ವರು ಪರವಾನಗಿದಾರ ಎಂಬಾಮರ್‌ಗಳು, ವೃತ್ತಿಗೆ ಸಂಬಂಧಿಸದವರು ಒಬ್ಬರು ಮಾತ್ರ. ಹೊಸಬರು ಮಾರುಕಟ್ಟೆಗೆ ಬರಬೇಕೇ ಬೇಡವೇ ಎಂದು ಹಳಬರೇ ಕೂತು ತೀರ್ಮಾನಿಸುವ ಇಂಥ ಏರ್ಪಾಡು ಅಮೆರಿಕದ ವೃತ್ತಿ ಪರವಾನಗಿ ಮಂಡಳಿಗಳಲ್ಲಿ ಸಾಮಾನ್ಯವಾದದ್ದು. ಆ ಸದಸ್ಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಡುರಾತ್ರಿಯ ಕರೆಗೆ ಎದ್ದು ಹೋಗಿ, ದುಃಖದಲ್ಲಿ ಮಾತು ನಿಂತ ಕುಟುಂಬಗಳ ಪರವಾಗಿ ಎಲ್ಲವನ್ನೂ ನಡೆಸಿಕೊಡುವ ಅವರ ಕೆಲಸ ಗೌರವಕ್ಕೆ ಅರ್ಹವಾದದ್ದು. ಆದರೆ ತಮ್ಮ ಲಾಭಕ್ಕೆ ನೇರವಾಗಿ ತಟ್ಟುವ ಪ್ರಶ್ನೆಯಲ್ಲಿ ತೀರ್ಪುಗಾರರಾಗುವ ಸ್ಥಾನವನ್ನು ಎಂಥ ಸಜ್ಜನರಿಗೂ ಕೊಡಬಾರದು.

ಪೆಟ್ಟಿಗೆಯ ಬೆಲೆಯ ಹಿಂದಿನ ಕಥೆ

ಒಂದು ಪೆಟ್ಟಿಗೆಗಾಗಿ ಇಷ್ಟು ಹಟವೇಕೆ ಎಂದು ಕೇಳುವವರಿಗೆ ಅಮೆರಿಕದ ಕೇಂದ್ರ ಸರ್ಕಾರದ ವ್ಯಾಪಾರ ನಿಗಾ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ತಂದ ‘ಫ್ಯೂನರಲ್ ರೂಲ್’ ಉತ್ತರ ಕೊಡುತ್ತದೆ. ಮೊದಲು ಅಂತ್ಯಕ್ರಿಯೆ ಸಂಸ್ಥೆಗಳು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಒಂದೇ ಬೆಲೆ ಹೇಳುತ್ತಿದ್ದವು. ಬೇಡವಾದದ್ದನ್ನು ಬಿಡುವ ದಾರಿ ಗ್ರಾಹಕರಿಗೆ ಇರುತ್ತಿರಲಿಲ್ಲ. 1984ರಲ್ಲಿ ಜಾರಿಗೆ ಬಂದ ಈ ನಿಯಮ ಪ್ರತಿಯೊಂದು ಸೇವೆಗೂ ವಸ್ತುವಿಗೂ ಪ್ರತ್ಯೇಕ ದರಪಟ್ಟಿ ಕೊಡಬೇಕೆಂದು ವಿಧಿಸಿತು. ಹೊರಗೆ ಕೊಂಡ ಪೆಟ್ಟಿಗೆಯನ್ನು ಬಳಸಲು ಮುಂದಾದವರ ಮೇಲೆ ಕೆಲವು ಸಂಸ್ಥೆಗಳು ‘ನಿರ್ವಹಣಾ ಶುಲ್ಕ’ ಹೇರಿ ಆ ಉಳಿತಾಯವನ್ನು ನುಂಗತೊಡಗಿದಾಗ, 1994ರ ತಿದ್ದುಪಡಿ ಆ ಶುಲ್ಕವನ್ನೂ ನಿಷೇಧಿಸಿತು. ಪೆಟ್ಟಿಗೆಯ ಮಾರುಕಟ್ಟೆ ತೆರೆದುಕೊಂಡದ್ದು ಹೀಗೆ. ಆದರೆ ಆ ನಿಯಮ ಪೆಟ್ಟಿಗೆಯನ್ನು ಹೊರಗೆ ಕೊಳ್ಳುವ ಹಕ್ಕನ್ನು ಕೊಟ್ಟಿತೇ ಹೊರತು, ಹೊರಗಿನವರಿಗೆ ಮಾರುವ ಹಕ್ಕನ್ನು ಕೊಡಲಿಲ್ಲ. ಲೂಯಿಸಿಯಾನದಂಥ ರಾಜ್ಯಗಳ ಕಾನೂನು ಆ ಬಾಗಿಲನ್ನು ಒಳಗಿನಿಂದ ಹಾಕಿಕೊಂಡೇ ಇತ್ತು.

ಟೆನೆಸೀ ರಾಜ್ಯದಲ್ಲಿ ಇಂಥದೇ ನಿಯಮ ನ್ಯಾಯಾಲಯಕ್ಕೆ ಬಂದಾಗ ಹೊರಬಿದ್ದ ಒಂದು ಅಂಕಿ ಬೇರೆಲ್ಲ ವಾದಕ್ಕಿಂತ ಹೆಚ್ಚು ಹೇಳುತ್ತದೆ. ಅಲ್ಲಿ ಪರವಾನಗಿ ಪಡೆದ ಸಂಸ್ಥೆಗಳು ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಶೇಕಡ 250ರಿಂದ 600ರಷ್ಟು ಲಾಭ ಇಟ್ಟುಕೊಳ್ಳುತ್ತಿದ್ದವು ಎಂದು ತೀರ್ಪಿನಲ್ಲೇ ದಾಖಲಾಗಿದೆ. ಮನೆಯಲ್ಲಿ ಸಾವಾದಾಗ ನಾಲ್ಕು ಅಂಗಡಿ ಸುತ್ತಿ ಚೌಕಾಸಿ ಮಾಡುವ ಚೈತನ್ಯ ಯಾರಿಗೂ ಇರುವುದಿಲ್ಲ. ತೋರಿಸಿದ್ದನ್ನು ಕೊಂಡು, ಹೇಳಿದ್ದನ್ನು ಕೊಟ್ಟು ಬಿಡುತ್ತಾರೆ.

ಮೂರು ಸಮರ್ಥನೆಗಳು

ಮಠ ಮೊದಲು ಶಾಸಕಾಂಗದ ಬಾಗಿಲು ತಟ್ಟಿತು. 2008ರಲ್ಲಿ ಮತ್ತು 2010ರಲ್ಲಿ ಕಾನೂನು ತಿದ್ದಲು ನಡೆದ ಎರಡೂ ಪ್ರಯತ್ನಗಳು ಸಫಲವಾಗಲಿಲ್ಲ. 2010ರ ಆಗಸ್ಟ್‌ನಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಎಂಬ ಸಂಸ್ಥೆಯ ವಕೀಲರ ನೆರವಿನಿಂದ ಮಠ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿತು. 2011ರ ಜುಲೈನಲ್ಲಿ ನ್ಯಾಯಾಧೀಶ ಸ್ಟ್ಯಾನ್‌ವುಡ್ ಡುವಾಲ್ ಮಠದ ಪರವಾಗಿ ತೀರ್ಪಿತ್ತರು. ಮಂಡಳಿ ಮೇಲ್ಮನವಿ ಸಲ್ಲಿಸಿತು.

ಮಠಕ್ಕೆ ಕಾನೂನಿನ ದಾರಿ ಸುಲಭವಾಗಿರಲಿಲ್ಲ ಎಂಬುದನ್ನು ಭಾರತದ ಓದುಗರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಸಂವಿಧಾನದ 19(1)(ಜಿ) ವಿಧಿ ಯಾವುದೇ ವೃತ್ತಿ, ವ್ಯಾಪಾರ ನಡೆಸುವ ಹಕ್ಕನ್ನು ಹೆಸರು ಹಿಡಿದು ಮೂಲಭೂತ ಹಕ್ಕೆಂದು ಕರೆಯುತ್ತದೆ, 19(6)ನೇ ವಿಧಿ ಅದರ ಮೇಲೆ ಸಮಂಜಸ ನಿರ್ಬಂಧಗಳಿಗೆ ಅವಕಾಶ ಕೊಡುತ್ತದೆ. ಅಮೆರಿಕದ ಸಂವಿಧಾನದಲ್ಲಿ ಹಾಗೆ ಬರೆದ ಸಾಲು ಇಲ್ಲ. ಅಲ್ಲಿ ಆರ್ಥಿಕ ನಿಯಮವೊಂದನ್ನು ಪ್ರಶ್ನಿಸುವವರು ಕಾನೂನಿನ ಸಮಾನ ರಕ್ಷಣೆ ಮತ್ತು ನ್ಯಾಯಯುತ ಪ್ರಕ್ರಿಯೆಯ ಭರವಸೆ ಕೊಡುವ 14ನೇ ತಿದ್ದುಪಡಿಯ ಮೊರೆ ಹೋಗಬೇಕು, ಮತ್ತು ಆ ನಿಯಮಕ್ಕೆ ಯಾವುದಾದರೊಂದು ತರ್ಕಬದ್ಧ ಆಧಾರವನ್ನು ಊಹಿಸಲು ಸಾಧ್ಯವಾದರೂ ಸಾಕು, ನ್ಯಾಯಾಲಯ ಅದನ್ನು ಉಳಿಸುತ್ತದೆ. ಶಾಸಕರ ಮನಸ್ಸಿನಲ್ಲಿ ಆ ಕಾರಣ ನಿಜವಾಗಿ ಇತ್ತೇ ಎಂದು ಕೇಳುವ ಅಗತ್ಯವಿಲ್ಲ. ಕನ್ನಡಕದ ಅಂಗಡಿಯವರನ್ನು ನಿರ್ಬಂಧಿಸಿದ ಒಕ್ಲಹೋಮದ ಕಾನೂನೊಂದನ್ನು 1955ರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾನದಂಡದಿಂದ ಎತ್ತಿಹಿಡಿದಿತ್ತು. ಅಲ್ಲಿಂದೀಚೆಗೆ ಇಂಥ ಮೊಕದ್ದಮೆಗಳಲ್ಲಿ ಸರ್ಕಾರ ಸೋಲುವುದು ಅಪರೂಪದ ಮಾತು.

ಐದನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದ (ಸರ್ಕಿಟ್ ಎಂದರೆ ಕೆಲವು ರಾಜ್ಯಗಳನ್ನು ಒಳಗೊಂಡ ಫೆಡರಲ್ ನ್ಯಾಯಾಲಯದ ವಲಯ) ಮುಂದೆ ಮಂಡಳಿ ಮೂರು ಸಮರ್ಥನೆಗಳನ್ನು ಇಟ್ಟಿತು. ಒಂದು ವೃತ್ತಿಯನ್ನು ಸ್ಪರ್ಧೆಯಿಂದ ಕಾಪಾಡುವುದೇ ರಾಜ್ಯದ ನ್ಯಾಯಬದ್ಧ ಉದ್ದೇಶವಾಗಬಲ್ಲದು ಎಂಬುದು ಮೊದಲನೆಯದು. ಎರಡನೆಯದು ಗ್ರಾಹಕರ ರಕ್ಷಣೆ. ದುಃಖದಲ್ಲಿರುವವರನ್ನು ವಂಚಿಸುವ ಮಾರಾಟಗಾರರಿಂದ ಕಾಪಾಡಬೇಕು, ಭಾರಿ ದೇಹಕ್ಕೆ ಯಾವ ಅಳತೆಯ ಪೆಟ್ಟಿಗೆ ಬೇಕು, ನ್ಯೂ ಆರ್ಲಿಯನ್ಸ್ ಕಡೆ ನೆಲದ ಮೇಲೆಯೇ ಕಟ್ಟುವ ಗೋರಿಗಳಲ್ಲಿ ಯಾವುದು ಹಿಡಿಸುತ್ತದೆ ಎಂಬ ತಿಳಿವಳಿಕೆ ಪರವಾನಗಿದಾರರಿಗೆ ಇರುತ್ತದೆ ಎಂದು ಹೇಳಲಾಯಿತು. ಸಾರ್ವಜನಿಕ ಆರೋಗ್ಯ ಮೂರನೆಯದು.

ನ್ಯಾಯಾಧೀಶ ಪ್ಯಾಟ್ರಿಕ್ ಹಿಗಿನ್‌ಬಾಥಮ್ ಬರೆದ ತೀರ್ಪು ಈ ಸಮರ್ಥನೆಗಳನ್ನು ಒಂದೊಂದಾಗಿ ಕಾನೂನಿನ ಪಠ್ಯದ ಎದುರಿಗೆ ಹಿಡಿದು ನೋಡಿದ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಬೇರೆ ಯಾವ ಸಾರ್ವಜನಿಕ ಹಿತವೂ ಇಲ್ಲದೆ ಬರೀ ಒಂದು ವೃತ್ತಿಯ ಗಳಿಕೆಯನ್ನು ಕಾಪಾಡುವುದು ನ್ಯಾಯಬದ್ಧ ಉದ್ದೇಶವಾಗಲಾರದು ಎಂದು ಅವರು ಮೊದಲನೆಯದನ್ನು ತಳ್ಳಿಹಾಕಿದರು. ಎರಡನೆಯದಕ್ಕೆ ಉತ್ತರ ಇನ್ನೂ ನೇರವಾಗಿತ್ತು. ನಿರ್ದೇಶಕರ ಪರವಾನಗಿಗೆ ಬೇಕಾದ ತರಬೇತಿಯಲ್ಲಿ ಪೆಟ್ಟಿಗೆಯ ಅಳತೆಯ ಬಗ್ಗೆ ಪಾಠವೇ ಇಲ್ಲದಿರುವಾಗ, ಆ ಪರವಾನಗಿ ಕೊಳ್ಳುವವರಿಗೆ ಆ ವಿಷಯದಲ್ಲಿ ಯಾವ ರಕ್ಷಣೆ ಕೊಟ್ಟಂತಾಯಿತು? ವಂಚನೆ ತಡೆಯಲು ಎಲ್ಲ ವ್ಯಾಪಾರಿಗಳಿಗೂ ಅನ್ವಯಿಸುವ ರಾಜ್ಯದ ಅನುಚಿತ ವ್ಯಾಪಾರ ತಡೆ ಕಾನೂನು ಇದ್ದೇ ಇತ್ತು. ಸ್ವತಂತ್ರ ಪೆಟ್ಟಿಗೆ ಮಾರಾಟಗಾರರಿಂದ ಗ್ರಾಹಕರಿಗೆ ಗಣನೀಯ ಹಾನಿಯಾಗುತ್ತಿದೆ ಎನ್ನಲು ಸಾಕ್ಷ್ಯ ಸಾಲದೆಂದು ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ತನ್ನ ನಿಯಮವನ್ನು ಅವರಿಗೆ ವಿಸ್ತರಿಸದೆ ಬಿಟ್ಟಿತ್ತು. ಸಾರ್ವಜನಿಕ ಆರೋಗ್ಯದ ವಾದವಂತೂ ನಿಲ್ಲಲೇ ಇಲ್ಲ. ಪೆಟ್ಟಿಗೆಯೇ ಕಡ್ಡಾಯವಲ್ಲದ, ಬಳಸಿದರೂ ಅದು ಹೇಗಿರಬೇಕೆಂದು ಹೇಳದ ರಾಜ್ಯವೊಂದು, ಅದನ್ನು ಮಾರುವವರ ಪದವಿಯಿಂದ ಜನರ ಆರೋಗ್ಯ ಕಾಪಾಡುತ್ತೇನೆ ಎಂದರೆ ನಂಬುವುದು ಹೇಗೆ?

ರಾಜ್ಯಗಳ ಆರ್ಥಿಕ ನಿಯಮಗಳಿಗೆ ನ್ಯಾಯಾಲಯಗಳು ತೋರಬೇಕಾದ ಗೌರವ ದೊಡ್ಡದಾದರೂ, ನಿಯಮದ ಚರಿತ್ರೆಗೆ ಕಣ್ಣು ಮುಚ್ಚಿಕೊಳ್ಳುವಂತೆಯೂ ಅರ್ಥವಿಲ್ಲದ ವಿವರಣೆಗಳನ್ನು ಒಪ್ಪುವಂತೆಯೂ ಆ ಗೌರವ ಒತ್ತಾಯಿಸುವುದಿಲ್ಲ ಎಂಬುದು ತೀರ್ಪಿನ ತಿರುಳು. ಹಿಗಿನ್‌ಬಾಥಮ್ ಇದೇ ಲೂಯಿಸಿಯಾನದ ಇನ್ನೊಂದು ಹಳೆಯ ಪ್ರಕರಣವನ್ನೂ ಎತ್ತಿಕೊಂಡರು. ನ್ಯೂ ಆರ್ಲಿಯನ್ಸ್‌ನ ಕಸಾಯಿಖಾನೆಯನ್ನು ಒಂದೇ ಕಂಪನಿಗೆ 25 ವರ್ಷಗಳ ಏಕಸ್ವಾಮ್ಯಕ್ಕೆ ಒಪ್ಪಿಸಿದ 1869ರ ಕಾನೂನನ್ನು ಸುಪ್ರೀಂ ಕೋರ್ಟ್ 1873ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಉಳಿಸಿತ್ತು. ಆದರೆ ಅಲ್ಲಿ ನದಿಗೆ ಹರಿಯುತ್ತಿದ್ದ ಹೊಲಸನ್ನು ನಗರದಿಂದ ದೂರವಿಡುವ ನಿಜವಾದ ಆರೋಗ್ಯ ಕಾರಣವಿತ್ತು, ನಿಗದಿತ ಶುಲ್ಕ ಕೊಟ್ಟ ಯಾವ ಕಟುಕನಿಗೂ ಅಲ್ಲಿ ಕೆಲಸ ಮಾಡುವ ಅವಕಾಶವೂ ಇತ್ತು. ಮಠಕ್ಕೆ ಅಂಥ ಅವಕಾಶವಿರಲಿಲ್ಲ.

ಅಂತಿಮ ತೀರ್ಪು ಬರುವ ಮೊದಲು ಒಂದು ತಿರುವೂ ಇತ್ತು. ಬೇರೆ ಯಾವ ಅಂತ್ಯಕ್ರಿಯೆ ಸೇವೆಯನ್ನೂ ಕೊಡದ ಮಾರಾಟಗಾರರ ಮೇಲೆ ಮಂಡಳಿಗೆ ರಾಜ್ಯದ ಕಾನೂನಿನಡಿ ಅಧಿಕಾರ ಇದೆಯೇ ಎಂಬ ಪ್ರಶ್ನೆಯನ್ನು ಐದನೇ ಸರ್ಕಿಟ್ 2012ರ ಅಕ್ಟೋಬರ್‌ನಲ್ಲಿ ಲೂಯಿಸಿಯಾನದ ಸುಪ್ರೀಂ ಕೋರ್ಟ್‌ಗೆ ಕಳುಹಿಸಿತು. ಸಂವಿಧಾನದ ಪ್ರಶ್ನೆಯನ್ನು ತಪ್ಪಿಸಲು ಸಾಧ್ಯವಿದ್ದರೆ ತಪ್ಪಿಸಬೇಕೆಂಬ ಎಚ್ಚರ ಅದರ ಹಿಂದಿತ್ತು. ರಾಜ್ಯದ ನ್ಯಾಯಾಲಯ ಉತ್ತರಿಸಲು ಒಪ್ಪಲಿಲ್ಲ. ಹೀಗಾಗಿ 2013ರ ಮಾರ್ಚ್ 20ರಂದು ಐದನೇ ಸರ್ಕಿಟ್ ಸಂವಿಧಾನದ ನೆಲೆಯಲ್ಲೇ ಮಠದ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಂಡಳಿಯ ಅರ್ಜಿಯನ್ನು ವಿಚಾರಣೆಗೆ ಎತ್ತಿಕೊಳ್ಳದೆ ತಿರಸ್ಕರಿಸಿತು.

ಒಮ್ಮತವಿಲ್ಲದ ನ್ಯಾಯಾಲಯಗಳು

ಸುಪ್ರೀಂ ಕೋರ್ಟ್ ಮೌನವಾಗಿ ಉಳಿದದ್ದರಿಂದ ದೇಶದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಟೆನೆಸೀಯ ಪೆಟ್ಟಿಗೆ ನಿಯಮವನ್ನು ಆರನೇ ಸರ್ಕಿಟ್ 2002ರಲ್ಲೇ ರದ್ದುಪಡಿಸಿತ್ತು. ಆದರೆ ಒಕ್ಲಹೋಮದ ಅಂಥದೇ ನಿಯಮವನ್ನು ಹತ್ತನೇ ಸರ್ಕಿಟ್ 2004ರಲ್ಲಿ ಎತ್ತಿಹಿಡಿಯಿತು. ಸ್ಥಳೀಯ ಉದ್ಯಮಗಳಿಗೆ ಅನುಕೂಲ ಮಾಡಿಕೊಡುವುದು ರಾಜ್ಯ ಸರ್ಕಾರಗಳು ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ, ಅದನ್ನು ಜನ ಮತಪೆಟ್ಟಿಗೆಯಲ್ಲಿ ಸರಿಪಡಿಸಬೇಕೇ ಹೊರತು ನ್ಯಾಯಾಲಯದಲ್ಲಿ ಅಲ್ಲ ಎಂಬುದು ಅಲ್ಲಿನ ನಿಲುವು. ಇದು ಗಂಭೀರವಾದ ವಾದ. ಚುನಾಯಿತರ ಆರ್ಥಿಕ ತೀರ್ಮಾನಗಳನ್ನು ನ್ಯಾಯಾಧೀಶರು ತಮ್ಮ ಇಷ್ಟದಂತೆ ಅಳಿಸತೊಡಗಿದರೆ ಕಾರ್ಮಿಕರನ್ನು, ಬಾಡಿಗೆದಾರರನ್ನು ಕಾಪಾಡುವ ಕಾನೂನುಗಳೂ ಉಳಿಯುವುದಿಲ್ಲ ಎಂಬ ಭಯಕ್ಕೆ ಆ ದೇಶದ ಚರಿತ್ರೆಯಲ್ಲಿ ಕಾರಣವಿದೆ. ಆದರೂ ಎರಡು ಸಲ ಶಾಸಕಾಂಗಕ್ಕೆ ಹೋಗಿ ಬರಿಗೈಲಿ ಮರಳಿದ ಮಠಕ್ಕೆ ‘ಮತ್ತೆ ಅಲ್ಲಿಗೇ ಹೋಗಿ’ ಎನ್ನುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಪೆಟ್ಟಿಗೆಯ ದುಬಾರಿ ಬೆಲೆ ತೆತ್ತ ಕುಟುಂಬಗಳು ರಾಜ್ಯದುದ್ದಕ್ಕೂ ಚದುರಿ ಹೋಗಿರುತ್ತವೆ, ಬದುಕಿನಲ್ಲಿ ಒಂದೆರಡು ಸಲ ಮಾತ್ರ ಈ ವ್ಯವಹಾರಕ್ಕೆ ಸಿಗುತ್ತವೆ. ಲಾಭ ಪಡೆಯುವವರು ಸಂಘ ಕಟ್ಟಿಕೊಂಡು ಪ್ರತಿ ಅಧಿವೇಶನಕ್ಕೂ ಹಾಜರಿರುತ್ತಾರೆ.

ಭಾರತದ ಸುಪ್ರೀಂ ಕೋರ್ಟ್ ತನ್ನ ಮೊದಲ ವರ್ಷದಲ್ಲೇ, 1950ರ ನವೆಂಬರ್‌ನಲ್ಲಿ, ಚಿಂತಾಮನ್ ರಾವ್ ಪ್ರಕರಣದಲ್ಲಿ ಇದೇ ಬಗೆಯ ಪರೀಕ್ಷೆ ನಡೆಸಿದ್ದನ್ನು ಇಲ್ಲಿ ನೆನೆಯಬಹುದು. ಕೃಷಿಗೆ ಆಳುಗಳು ಸಿಗಲೆಂದು ಮಧ್ಯಪ್ರಾಂತದ ಹಳ್ಳಿಗಳಲ್ಲಿ ಬೇಸಾಯದ ಕಾಲಕ್ಕೆ ಬೀಡಿ ಕಟ್ಟುವುದನ್ನೇ ನಿಷೇಧಿಸಲಾಗಿತ್ತು. ಹೊಲದಲ್ಲಿ ದುಡಿಯಲಾರದ ಮುದುಕರು, ಅಶಕ್ತರು ಬೀಡಿ ಕಟ್ಟಿ ಹೊಟ್ಟೆ ಹೊರೆಯುವುದನ್ನೂ ಆ ನಿಷೇಧ ತಡೆಯುತ್ತದೆ, ಉದ್ದೇಶಕ್ಕೂ ಉಪಾಯಕ್ಕೂ ತಾಳೆಯಿಲ್ಲ ಎಂದು ನ್ಯಾಯಾಲಯ ಅದನ್ನು ರದ್ದು ಮಾಡಿತು. ಉದ್ದೇಶ ಒಳ್ಳೆಯದೆಂದು ಒಪ್ಪಿಕೊಂಡೂ ಉಪಾಯವನ್ನು ಪ್ರಶ್ನಿಸಬಹುದು ಎಂಬುದನ್ನು ಎರಡು ದೇಶಗಳ ಈ ಎರಡು ತೀರ್ಪುಗಳೂ ತೋರಿಸಿವೆ.

ಬದುಕಿರುವವರ ವಿಷಯದಲ್ಲಿ

ಈಗ ವೃದ್ಧರ ಹಗಲು ಆರೈಕೆಯ ಕಡೆಗೆ ಬರೋಣ. ಮಕ್ಕಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹಿರಿಯರನ್ನು ನೋಡಿಕೊಂಡು ಸಂಜೆ ಮನೆಗೆ ಕಳುಹಿಸುವ ಈ ಕೇಂದ್ರಗಳಿಗೆ ಅಮೆರಿಕದಲ್ಲಿ ಪರವಾನಗಿ ಕೊಡುವವು ರಾಜ್ಯಗಳೇ. ಲೂಯಿಸಿಯಾನದಲ್ಲಿ ಆ ಹೊಣೆ ರಾಜ್ಯದ ಆರೋಗ್ಯ ಇಲಾಖೆಯದು. ಇಲ್ಲಿ ಕಟ್ಟುನಿಟ್ಟು ಬೇಕೆನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಮರೆವಿನ ಕಾಯಿಲೆಯ ಅಜ್ಜಿಯೊಬ್ಬರು ಬಾಗಿಲು ತೆರೆದಿದ್ದರೆ ಹೊರಗೆ ನಡೆದುಬಿಡುತ್ತಾರೆ. ಮಧ್ಯಾಹ್ನದ ಮಾತ್ರೆ ಎರಡು ಸಲ ಕೊಟ್ಟರೂ, ಕೊಡದೇ ಹೋದರೂ ಅಪಾಯ. ಬೆಂಕಿ ಬಿದ್ದರೆ ಗಾಲಿಕುರ್ಚಿಯಲ್ಲಿರುವವರನ್ನು ಹೊರತರಲು ಸಾಕಷ್ಟು ಜನ ಇರಬೇಕು. ಸಿಬ್ಬಂದಿಯ ಸಂಖ್ಯೆ, ನರ್ಸ್ ಇರುವಿಕೆ, ಔಷಧಿ ದಾಖಲೆ, ಊಟ, ತುರ್ತು ಬಾಗಿಲು ಇವೆಲ್ಲಕ್ಕೂ ಕಾಪಾಡಬೇಕಾದ ಜೀವಕ್ಕೂ ನೇರ ಸಂಬಂಧವಿದೆ. ಮಠದ ಪ್ರಕರಣವನ್ನು ಹಿಡಿದು ಪರವಾನಗಿಗಳೆಲ್ಲ ಬೇಡ ಎನ್ನುವವರು ಇಂಥ ಕೇಂದ್ರದಲ್ಲಿ ಒಂದು ದಿನ ಕೂತು ನೋಡಬೇಕು.

ಆದರೆ ಲೂಯಿಸಿಯಾನದಲ್ಲಿ ಪರವಾನಗಿಗೆ ಅರ್ಜಿ ಹಾಕುವ ಮುನ್ನ ಇನ್ನೊಂದು ಬಾಗಿಲಿದೆ. ‘ಅಗತ್ಯದ ಪರಿಶೀಲನೆ’ ಎಂಬ ಆ ಹಂತ ನರ್ಸಿಂಗ್ ಹೋಂಗಳಿಗೆ, ವೃದ್ಧರ ಹಗಲು ಆರೋಗ್ಯ ಆರೈಕೆ ಕೇಂದ್ರಗಳಿಗೆ, ಮನೆಯವರಿಗೆ ಕೆಲಹೊತ್ತು ಬಿಡುವು ಕೊಡುವ ಆರೈಕೆ ಸೇವೆಗಳಿಗೆ ಅನ್ವಯಿಸುತ್ತದೆ. ತಮಗೆ ಅರ್ಜಿ ಹಾಕಲು ಬಿಡದಿದ್ದರೆ ಜನರಿಗೆ ಆರೈಕೆ ಸಿಗುವುದಕ್ಕೆ ಗಂಭೀರ ತೊಂದರೆಯಾಗುವ ಸಂಭವವಿದೆ ಎಂದು ಅರ್ಜಿದಾರರು ಅಂಕಿಅಂಶಗಳಿಂದ ತೋರಿಸಬೇಕು. ಅವರ ಅರ್ಹತೆ, ಅನುಭವ, ಕಟ್ಟಡದ ಸುರಕ್ಷತೆ ಯಾವುದೂ ಈ ಹಂತದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಿಶೇಷ ಅಗತ್ಯವುಳ್ಳ ಮಕ್ಕಳ ಕುಟುಂಬಗಳಿಗೆ ಬಿಡುವಿನ ಆರೈಕೆ ನೀಡಲು ಮುಂದಾದ ನ್ಯೂ ಆರ್ಲಿಯನ್ಸ್‌ನ ಅನುಭವಿ ಸಮಾಜ ಕಾರ್ಯಕರ್ತೆಯೊಬ್ಬರಿಗೆ ಈ ಹಂತದಲ್ಲೇ ಬಾಗಿಲು ಮುಚ್ಚಿತು. ಅವರು ನ್ಯಾಯಾಲಯಕ್ಕೆ ಹೋದರು. ಸನ್ಯಾಸಿಗಳನ್ನು ಗೆಲ್ಲಿಸಿದ ಅದೇ ಐದನೇ ಸರ್ಕಿಟ್ 2023ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಸೇವೆ ನೀಡುವವರ ಸಂಖ್ಯೆ ಮಿತಿಯಲ್ಲಿದ್ದರೆ ಇಲಾಖೆ ತನ್ನ ಸಿಬ್ಬಂದಿಯಿಂದ ಅವರನ್ನು ಚೆನ್ನಾಗಿ ನಿಗಾ ಮಾಡಬಹುದು, ಅದರಿಂದ ಗ್ರಾಹಕರಿಗೆ ಹಿತ ಎಂಬ ಕಾರಣ ಅದಕ್ಕೆ ಸಾಕಾಯಿತು.

ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿ ಓದಿದಾಗ ನನಗೆ ನೋವಾಗುವುದು ಇಲ್ಲೇ. ಖಾಲಿ ಪೆಟ್ಟಿಗೆಯ ವಿಷಯದಲ್ಲಿ ನ್ಯಾಯಾಲಯ ಉದ್ದೇಶವನ್ನೂ ಉಪಾಯವನ್ನೂ ಎದುರುಬದುರು ಇಟ್ಟು ನೋಡಿತು. ಆರೈಕೆಗಾಗಿ ಕಾಯುತ್ತಿರುವ ಮಕ್ಕಳು ಮತ್ತು ಮುದುಕರ ವಿಷಯದಲ್ಲಿ, ನಿಗಾಕ್ಕೆ ಅನುಕೂಲವೆಂಬ ಕಾರಣವನ್ನು ಅಷ್ಟು ಬಿಗಿಯಾಗಿ ತೂಗಲಿಲ್ಲ. ಆರೈಕೆಯ ಗುಣಮಟ್ಟಕ್ಕಾಗಿ ಹಾಕುವ ಷರತ್ತು ಬೇರೆ, ಆರೈಕೆ ಕೊಡುವವರ ಸಂಖ್ಯೆಗೆ ಹಾಕುವ ತಡೆ ಬೇರೆ. ಮೊದಲನೆಯದು ಎಷ್ಟು ಬಿಗಿಯಾದರೂ ಇರಲಿ, ಅದನ್ನು ಪೂರೈಸಿದವರು ಒಳಗೆ ಬರಬಹುದು. ಎರಡನೆಯದರ ಮುಂದೆ ಯೋಗ್ಯರೂ ಅಯೋಗ್ಯರೂ ಒಂದೇ ಸಾಲಿನಲ್ಲಿ ಹೊರಗೆ ನಿಲ್ಲುತ್ತಾರೆ.

ತೀರ್ಪು ಮುಟ್ಟದೆ ಬಿಟ್ಟದ್ದು

ಮಠದ ಗೆಲುವು ಪೆಟ್ಟಿಗೆಯ ಮಾರಾಟಕ್ಕಷ್ಟೇ ಸೀಮಿತವಾದದ್ದು. ಅಂತ್ಯಕ್ರಿಯೆಯಲ್ಲಿ ಪರವಾನಗಿದಾರ ನಿರ್ದೇಶಕರ ಪಾತ್ರವನ್ನು ಕಡ್ಡಾಯ ಮಾಡಿರುವ ಕೆಲವೇ ರಾಜ್ಯಗಳಲ್ಲಿ ಲೂಯಿಸಿಯಾನವೂ ಒಂದು, ಆ ಭಾಗವನ್ನು ಈ ಮೊಕದ್ದಮೆ ಪ್ರಶ್ನಿಸಲಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದು ಸಂಬಂಧಪಟ್ಟ ಮಾತು. ನಮ್ಮೂರಿನಲ್ಲಿ ಸಾವಾದರೆ ನೆರೆಹೊರೆಯವರೇ ಬಿದಿರು ತಂದು ಚಟ್ಟ ಕಟ್ಟುತ್ತಾರೆ, ಆ ಕೆಲಸಕ್ಕೆ ವೃತ್ತಿ ಪರವಾನಗಿ ಎಂಬುದೇ ಇಲ್ಲ. ಅಲ್ಲಿ ಮಕ್ಕಳ ಮನೆಗೆ ಬಂದ ತಂದೆಯೋ ತಾಯಿಯೋ ತೀರಿಕೊಂಡರೆ ಮೊದಲ ಕರೆ ಹೋಗುವುದೇ ಅಂತ್ಯಕ್ರಿಯೆ ಸಂಸ್ಥೆಗೆ. ದಹನಕ್ಕೆ ದುಬಾರಿ ಪೆಟ್ಟಿಗೆ ಬೇಕೆಂದು ಹೇಳಿದರೆ ಒಪ್ಪಬೇಕಾಗಿಲ್ಲ. ನೇರ ದಹನಕ್ಕೆ ಕಾನೂನು ಪೆಟ್ಟಿಗೆ ಕೇಳುತ್ತದೆಂದು ಹೇಳುವುದನ್ನು ಫ್ಯೂನರಲ್ ರೂಲ್ ನಿಷೇಧಿಸಿದೆ, ಸಾದಾ ಮರದ ಅಥವಾ ದಪ್ಪ ರಟ್ಟಿನ ಪರ್ಯಾಯ ಪೆಟ್ಟಿಗೆಯನ್ನು ಸಂಸ್ಥೆ ಒದಗಿಸಲೇಬೇಕು. ಎದುರಿಗೆ ಹೋಗಿ ಕೇಳಿದವರಿಗೆ ಬರಹದ ದರಪಟ್ಟಿ ಕೊಡಬೇಕು, ಫೋನಿನಲ್ಲಿ ಕೇಳಿದರೂ ಬೆಲೆ ಹೇಳಬೇಕು. ಮನೆಯವರು ಶೋಕದಲ್ಲಿರುವಾಗ ಈ ಫೋನ್ ಮಾಡುವ ಕೆಲಸವನ್ನು ಸ್ನೇಹಿತರೊಬ್ಬರು ವಹಿಸಿಕೊಂಡರೆ ದೊಡ್ಡ ಉಪಕಾರವಾಗುತ್ತದೆ.

ವೃದ್ಧರ ಆರೈಕೆಯ ನಿಯಮವನ್ನು ಸರಿಪಡಿಸಲು ಲೂಯಿಸಿಯಾನದ ಶಾಸಕಾಂಗ ನ್ಯಾಯಾಲಯಕ್ಕಾಗಿ ಕಾಯಬೇಕಾಗಿಲ್ಲ. ಅಗತ್ಯದ ಪರಿಶೀಲನೆಯಿಂದ ಹಗಲು ಆರೈಕೆ ಮತ್ತು ಬಿಡುವಿನ ಆರೈಕೆ ಸೇವೆಗಳನ್ನು ಹೊರಗಿಟ್ಟು, ಅರ್ಜಿ ಹಾಕಿದ ಪ್ರತಿಯೊಬ್ಬರನ್ನೂ ಸಿಬ್ಬಂದಿ, ಔಷಧಿ, ಸುರಕ್ಷತೆಯ ಷರತ್ತುಗಳ ಮೇಲೆ ಮಾತ್ರ ಅಳೆಯುವಂತೆ ಕಾನೂನನ್ನು ತಿದ್ದಬಹುದು. ಇಲಾಖೆಗೆ ತಪಾಸಣೆ ಮಾಡುವವರು ಸಾಲದಿದ್ದರೆ ಪರವಾನಗಿ ಶುಲ್ಕದಿಂದ ಅವರ ಸಂಖ್ಯೆಯನ್ನು ಹೆಚ್ಚಿಸಬಹುದು.